‘ಇಂದು ರಾತ್ರಿ ನಿಮ್ಮ ಕರೆಂಟ್ ಕಟ್’: ಇಂಥ ಫಾರ್ವರ್ಡ್‌ಗೆ ಉತ್ತರ ಕೊಡಬೇಕಾದವರು ಯಾರು?

“ಪ್ರಿಯ ಗ್ರಾಹಕರೇ, ನಿಮ್ಮ ಹಿಂದಿನ ತಿಂಗಳ ಬಿಲ್ ಅಪ್‌ಡೇಟ್ ಆಗಿಲ್ಲ. ಇಂದು ರಾತ್ರಿ 9.30ಕ್ಕೆ ನಿಮ್ಮ ವಿದ್ಯುತ್ ಸಂಪರ್ಕ ಕಡಿತವಾಗುತ್ತದೆ. ಕೂಡಲೇ ಈ ನಂಬರ್‌ಗೆ ಕರೆ ಮಾಡಿ.”

ಈ ಮೆಸೇಜ್, ಅಥವಾ ಇದರ ಅಣ್ಣತಮ್ಮನಂಥ ಇನ್ನೊಂದು, ನಿಮ್ಮ ಫೋನಿಗೂ ಬಂದಿರಬಹುದು. 2022ರಲ್ಲಿ ಇದು ದೇಶದ ಹಲವು ರಾಜ್ಯಗಳಲ್ಲಿ ಹರಿದಾಡಿತು. ವಿದ್ಯುತ್ ಕಂಪನಿಗಳು ಎಚ್ಚರಿಕೆ ಕೊಟ್ಟವು, ಪೊಲೀಸರೂ ಕೊಟ್ಟರು. ಆದರೂ ಮೆಸೇಜ್ ಬಟ್ಟೆ ಬದಲಿಸಿಕೊಂಡು ಮತ್ತೆ ಮತ್ತೆ ಬರುತ್ತಲೇ ಇದೆ.

ಇದು ಸುಳ್ಳು ಎಂದು ಹೇಳಿ ಮುಗಿಸಬಹುದಿತ್ತು. ಆದರೆ ನಮಗೆ ಇನ್ನೊಂದು ಪ್ರಶ್ನೆ ಕಾಡಿತು. ಜೇವರ್ಗಿ ತಾಲ್ಲೂಕಿನ ನೆಲೋಗಿಯಂಥ ಊರಿನಲ್ಲಿ ಇದು ಸುಳ್ಳು ಎಂದು ಗೊತ್ತಿರುವ ಜನ ಇದ್ದೇ ಇರುತ್ತಾರೆ. ಮೀಟರ್ ಓದುವವರಿಗೆ ಗೊತ್ತು, ಲೈನ್‌ಮನ್‌ಗೆ ಗೊತ್ತು, ಬಿಲ್ ಕೌಂಟರ್‌ನಲ್ಲಿ ಕೂತವರಿಗೆ ಗೊತ್ತು. ಹಾಗಿದ್ದರೂ ಸರಿಯಾದ ಉತ್ತರ ನಮ್ಮ ಫೋನಿಗೆ ಬರುವಷ್ಟರಲ್ಲಿ ಸುಳ್ಳು ಮೂರು ಗ್ರೂಪ್ ದಾಟಿರುತ್ತದೆ. ಯಾಕೆ?

ಮೊದಲು, ಮೆಸೇಜ್‌ನಲ್ಲಿ ತಪ್ಪೇನಿದೆ?

ವಿದ್ಯುತ್ ಕಾಯ್ದೆ 2003ರ 56ನೇ ಸೆಕ್ಷನ್ ಪ್ರಕಾರ, ಬಾಕಿ ಕಟ್ಟಿಲ್ಲವೆಂದು ಸಂಪರ್ಕ ಕಡಿಯುವ ಮುನ್ನ ಗ್ರಾಹಕರಿಗೆ ಕನಿಷ್ಠ 15 ದಿನಗಳ ಲಿಖಿತ ನೋಟಿಸ್ ಕೊಡಬೇಕು. ಇಂದು ಹೇಳಿ ಇಂದೇ ರಾತ್ರಿ ಕಡಿಯುವುದು ಈ ನಿಯಮಕ್ಕೆ ಹೊಂದುವುದಿಲ್ಲ.

ಎರಡನೆಯದು ನಂಬರ್. ಕಂಪನಿಗಳು ಕಳಿಸುವ ಎಸ್‌ಎಂಎಸ್ ನೋಂದಾಯಿತ ಹೆಸರಿನಿಂದ ಬರುತ್ತದೆ, 10 ಅಂಕಿಯ ಮೊಬೈಲ್ ನಂಬರ್‌ನಿಂದ ಬರುವುದಿಲ್ಲ. ಮೋಸದ ಮೆಸೇಜ್‌ನಲ್ಲಿರುವ ನಂಬರ್‌ಗೆ ಕರೆ ಮಾಡಿದರೆ ಆ ಕಡೆಯವರು “ಬರೀ 10 ರೂಪಾಯಿ ಕಟ್ಟಿ, ಅಪ್‌ಡೇಟ್ ಆಗುತ್ತೆ” ಅನ್ನುತ್ತಾರೆ. ಜೊತೆಗೆ ಒಂದು ಆ್ಯಪ್ ಹಾಕಿಸುತ್ತಾರೆ. ಆ ಆ್ಯಪ್ ಮೂಲಕ ನಿಮ್ಮ ಫೋನಿನ ಪರದೆ ಅವರಿಗೆ ಕಾಣುತ್ತದೆ. ನೀವು ಒತ್ತುವ ಪಿನ್, ಬರುವ ಒಟಿಪಿ ಎಲ್ಲವೂ ಅವರ ಕಣ್ಣಮುಂದೆ. ಹೋಗುವುದು 10 ರೂಪಾಯಿಯಲ್ಲ, ಖಾತೆಯಲ್ಲಿದ್ದ ಹಣ.

ಉತ್ತರ ಒಬ್ಬರ ಹತ್ತಿರ ಇರುವುದಿಲ್ಲ

ಈಗ ಕಂಪನಿಯ ಕಡೆಯಿಂದ ನೋಡೋಣ. ಕಲಬುರಗಿಯಲ್ಲಿ ಕೇಂದ್ರ ಕಚೇರಿ ಇರುವ ಜೆಸ್ಕಾಂ 2002ರಲ್ಲಿ ಆರಂಭವಾಯಿತು. ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ, ವಿಜಯನಗರ, ಈ 7 ಜಿಲ್ಲೆಗಳಿಗೆ ವಿದ್ಯುತ್ ಹಂಚುವುದು ಇದರ ಕೆಲಸ. ಇಷ್ಟು ದೊಡ್ಡ ಪ್ರದೇಶದ ಯಾವುದೇ ಕಂಪನಿಯನ್ನು ತೆಗೆದುಕೊಳ್ಳಿ, ಫೇಸ್‌ಬುಕ್ ಅಥವಾ ಎಕ್ಸ್ ಖಾತೆಯನ್ನು ನೋಡಿಕೊಳ್ಳುವವರು ಸಾಮಾನ್ಯವಾಗಿ ಕೇಂದ್ರ ಕಚೇರಿಯ ಕೆಲವೇ ಜನ.

ಆದರೆ ಜನ ಕೇಳುವ ಪ್ರಶ್ನೆಗಳು ಕೇಂದ್ರ ಕಚೇರಿಯವಲ್ಲ. “ನಮ್ಮ ಓಣಿಯ ಟಿಸಿ ಯಾವಾಗ ರಿಪೇರಿ?” ಇದಕ್ಕೆ ಉತ್ತರ ಶಾಖಾ ಕಚೇರಿಯಲ್ಲಿದೆ. “ಗೃಹಜ್ಯೋತಿಯಲ್ಲಿ ನನಗೆ ಇಷ್ಟು ದಿನ ಸೊನ್ನೆ ಬಿಲ್ ಬರುತ್ತಿತ್ತು, ಈ ತಿಂಗಳು ಯಾಕೆ ಹಣ ತೋರಿಸಿದೆ?” ಇದು ಬಿಲ್ಲಿಂಗ್ ವಿಭಾಗದ ಪ್ರಶ್ನೆ. 2023ರ ಜುಲೈ 1ರಂದು ಜಾರಿಗೆ ಬಂದ ಈ ಯೋಜನೆಯಲ್ಲಿ ಗರಿಷ್ಠ ಮಿತಿ 200 ಯೂನಿಟ್ ಇದ್ದರೂ, ಪ್ರತಿ ಮನೆಯ ಉಚಿತ ಲೆಕ್ಕವನ್ನು ಆ ಮನೆಯ ಹಿಂದಿನ ವರ್ಷದ ಸರಾಸರಿ ಬಳಕೆಗೆ ಶೇ 10 ಸೇರಿಸಿ ಮಾಡಲಾಗಿತ್ತು. ಇದನ್ನು ದಿನವೂ ಬಿಡಿಸಿ ಹೇಳುತ್ತಿದ್ದವರು ಬಿಲ್ ಕೈಗೆ ಕೊಡುವವರೇ. “ಆನ್‌ಲೈನ್‌ನಲ್ಲಿ ಕಟ್ಟಿದ ಹಣ ಎಲ್ಲಿಗೆ ಹೋಯಿತು?” ಇದು ಐಟಿ ವಿಭಾಗದ್ದು.

ಖಾತೆ ಒಬ್ಬರ ಕೈಯಲ್ಲಿ, ತಿಳಿವಳಿಕೆ ಹತ್ತು ಜನರ ಕೈಯಲ್ಲಿ. ಪ್ರಶ್ನೆಯೊಂದು ಕೇಂದ್ರ ಕಚೇರಿಯಿಂದ ಉಪವಿಭಾಗಕ್ಕೆ, ಅಲ್ಲಿಂದ ಶಾಖೆಗೆ, ಶಾಖೆಯಿಂದ ಲೈನ್‌ಮನ್‌ಗೆ ಇಳಿದು, ಮತ್ತೆ ಅದೇ ಮೆಟ್ಟಿಲು ಹತ್ತಿ ಬರುವ ಹೊತ್ತಿಗೆ ಸಂಜೆಯಾಗಿರುತ್ತದೆ. ಫಾರ್ವರ್ಡ್‌ಗೆ ಯಾವ ಮೆಟ್ಟಿಲೂ ಇಲ್ಲ.

ತಡವಾದರೆ ಏನಾಗುತ್ತದೆ? ಒಂದು ಉದಾಹರಣೆ

ಹೀಗೆ ಊಹಿಸಿಕೊಳ್ಳಿ. ಊರಿನ ಗ್ರೂಪ್‌ನಲ್ಲಿ ಬೆಳಿಗ್ಗೆ ಒಂದು ಫೋಟೊ ಬರುತ್ತದೆ. ಕಂಪನಿಯ ಲೆಟರ್‌ಹೆಡ್, ಕೆಳಗೆ ಸಹಿ. “ದುರಸ್ತಿ ಕೆಲಸದ ಕಾರಣ ಬೆಳಿಗ್ಗೆ 10ರಿಂದ ಸಂಜೆ 6ರವರೆಗೆ ವಿದ್ಯುತ್ ಇರುವುದಿಲ್ಲ.” ನೋಟಿಸ್ ನಕಲಿಯಲ್ಲ, ಅಸಲಿಯೇ. ಆದರೆ ಕಳೆದ ತಿಂಗಳದ್ದು. ಫೋಟೊ ಕತ್ತರಿಸುವಾಗ ಯಾರೋ ತಾರೀಖು ಬಿಟ್ಟಿದ್ದಾರೆ. ಅದೇ ಹೊತ್ತಿಗೆ ಮನೆಯಲ್ಲಿ ಕರೆಂಟೂ ಹೋಗುತ್ತದೆ. ರೈತರೊಬ್ಬರು “ಹೆಂಗೂ ಸಂಜೀತನಕ ಕರೆಂಟ್ ಇಲ್ಲಲ್ಲ” ಎಂದು ಹೊಲಕ್ಕೆ ಹೋಗಿ ಪಂಪ್‌ಸೆಟ್ಟಿನ ಸ್ಟಾರ್ಟರ್ ಡಬ್ಬಿ ಬಿಚ್ಚುತ್ತಾರೆ.

ಇಲ್ಲೊಂದು ತಾಂತ್ರಿಕ ವಿಷಯ ಗೊತ್ತಿರಬೇಕು. ನಿರಂತರ ಜ್ಯೋತಿ ಯೋಜನೆಯಡಿ ರಾಜ್ಯದ ಬಹಳಷ್ಟು ಹಳ್ಳಿಗಳಲ್ಲಿ ಊರಿನ ಲೈನ್ ಬೇರೆ, ಹೊಲದ ಲೈನ್ ಬೇರೆ ಮಾಡಲಾಗಿದೆ. ಪಂಪ್‌ಸೆಟ್‌ಗಳಿಗೆ ತ್ರೀ ಫೇಸ್ ಕರೆಂಟ್ ಪಾಳಿಯ ಪ್ರಕಾರ ಬರುತ್ತದೆ. ಹೀಗಾಗಿ ಮನೆಯಲ್ಲಿ ಕರೆಂಟ್ ಹೋಗಿದೆ ಎಂದರೆ ಹೊಲದಲ್ಲೂ ಹೋಗಿದೆ ಎಂದು ಅರ್ಥವಲ್ಲ. ಈಗ ಇಲ್ಲ ಎಂದರೆ ಇನ್ನು ಐದು ನಿಮಿಷಕ್ಕೆ ಬರುವುದಿಲ್ಲ ಎಂದೂ ಅರ್ಥವಲ್ಲ. ಲೈನ್‌ಮನ್ ಕೂಡ ಬರೀ ಕರೆಂಟ್ ಹೋಗಿದೆ ಎಂದು ಕಂಬ ಹತ್ತುವಂತಿಲ್ಲ. ಸಬ್‌ಸ್ಟೇಷನ್‌ನಿಂದ ‘ಲೈನ್ ಕ್ಲಿಯರ್’ ಪಡೆದ ಮೇಲೆಯೇ ಹತ್ತಬೇಕು ಎಂಬುದು ಆ ಕೆಲಸದ ಮೊದಲ ನಿಯಮ.

ಯಾವ ಲೈನ್ ಬಂದ್ ಆಗಿದೆ, ಯಾವುದು ಚಾಲೂ ಇದೆ ಎಂಬುದು ಆ ಕ್ಷಣದಲ್ಲಿ ಗೊತ್ತಿರುವುದು ಸಬ್‌ಸ್ಟೇಷನ್ ಆಪರೇಟರ್‌ಗೆ ಮತ್ತು ಸ್ಥಳದಲ್ಲಿರುವ ಸಿಬ್ಬಂದಿಗೆ. ಪೋಸ್ಟ್ ಹಾಕುವವರಿಗೂ ಇವರಿಗೂ ನೇರ ಸಂಪರ್ಕ ಇಲ್ಲದಿದ್ದರೆ ಆ ಹಳೆಯ ನೋಟಿಸ್‌ನ್ನು ತಡೆಯುವವರು ಯಾರೂ ಇರುವುದಿಲ್ಲ.

‘ಸೋಷಿಯಲ್ ಮೀಡಿಯಾ ಅಂದರೆ ಪ್ರಚಾರದವರ ಕೆಲಸ’ ನಿಜವೇ?

ಅನೇಕ ಕಂಪನಿಗಳು ಹೀಗೇ ನಂಬಿವೆ. ಹಬ್ಬಕ್ಕೆ ಶುಭಾಶಯ, ಸಾಹೇಬರ ಸಭೆಯ ಫೋಟೊ, ಹೊಸ ಸ್ಕೀಮ್‌ನ ಪೋಸ್ಟರ್ ಹಾಕಲು ಪ್ರಚಾರ ವಿಭಾಗ ಸಾಕು. ಆದರೆ ಸುಳ್ಳು ಸುದ್ದಿ ಬಂದಾಗ ಜನ ಕೇಳುವುದು “ಇದು ಹೇಗೆ?” ಎಂದು. ಅದಕ್ಕೆ ಉತ್ತರ ಕೆಲಸ ಮಾಡುವ ಕೈಗಳಲ್ಲಿರುತ್ತದೆ.

‘ಕುರ್‌ಕುರೆಯಲ್ಲಿ ಪ್ಲಾಸ್ಟಿಕ್ ಇದೆ, ಬೆಂಕಿ ಹಚ್ಚಿ ನೋಡಿ’ ಎಂಬ ವಿಡಿಯೊ ನೆನಪಿರಬಹುದು. ಅದನ್ನು ತಯಾರಿಸುವ ಪೆಪ್ಸಿಕೊ 2018ರಲ್ಲಿ ದೆಹಲಿ ಹೈಕೋರ್ಟ್‌ಗೆ ಹೋಗಿ, ಇಂಥ ನೂರಾರು ಪೋಸ್ಟ್‌ಗಳನ್ನು ತೆಗೆಸುವ ಆದೇಶ ಪಡೆಯಿತು. ಆದರೆ ನಮ್ಮ ನಿಮ್ಮ ವಾಟ್ಸ್ಆ್ಯಪ್ ಗ್ರೂಪ್‌ಗಳಲ್ಲಿ ಆಗಲೇ ಇಳಿದುಹೋಗಿದ್ದ ವಿಡಿಯೊಗಳನ್ನು ಹುಡುಕಿ ಅಳಿಸುವುದು ಯಾವ ಆದೇಶಕ್ಕೂ ಕಷ್ಟ.

ಉರಿಯುವುದರ ಹಿಂದಿನ ವಿಜ್ಞಾನ ಸರಳ. ಅದು ಅಕ್ಕಿ, ಮೆಕ್ಕೆಜೋಳ, ಕಡಲೆಯ ಹಿಟ್ಟಿನಿಂದ ಮಾಡಿದ ತಿಂಡಿ. ಹಿಟ್ಟಿನಲ್ಲಿ ಪಿಷ್ಟವಿದೆ, ಮೇಲೆ ಎಣ್ಣೆಯಿದೆ, ಒಳಗೆ ಗಾಳಿ ತುಂಬಿದ ರಂಧ್ರಗಳಿವೆ. ಪಿಷ್ಟ ಮತ್ತು ಎಣ್ಣೆ ಚೆನ್ನಾಗಿ ಉರಿಯುವ ವಸ್ತುಗಳು. ಮನೆಯಲ್ಲಿ ಕರಿದ ಹಪ್ಪಳಕ್ಕೆ ಬೆಂಕಿ ತಾಗಿದರೂ ಉರಿಯುತ್ತದೆ, ಹಪ್ಪಳವನ್ನು ನಾವು ಪ್ಲಾಸ್ಟಿಕ್ ಅನ್ನುವುದಿಲ್ಲ. ಹೊಟ್ಟೆಗೆ ಒಳ್ಳೆಯದೇ ಎಂಬುದು ಬೇರೆಯೇ ಪ್ರಶ್ನೆ, ಪ್ಲಾಸ್ಟಿಕ್ ಮಾತ್ರ ಅಲ್ಲ. ಇದನ್ನು ಜಾಹೀರಾತಿನ ನಟ ಹೇಳಿದರೆ ಜನ ನಗುತ್ತಾರೆ. ಕಾರ್ಖಾನೆಯ ಗುಣಮಟ್ಟ ಪರೀಕ್ಷಕರು ಹಿಟ್ಟಿನ ಚೀಲದ ಪಕ್ಕ ನಿಂತು ಹೇಳಿದರೆ ಕೇಳುವ ಸಾಧ್ಯತೆ ಹೆಚ್ಚು.

ಹಾಗಾದರೆ ಎಲ್ಲ ನೌಕರರೂ ಪೋಸ್ಟ್ ಹಾಕಬಹುದೇ?

ಇಲ್ಲ. ಇಲ್ಲಿ ಇನ್ನೊಂದು ಬದಿಯ ಅಪಾಯವಿದೆ.

2009ರ ಏಪ್ರಿಲ್‌ನಲ್ಲಿ ಅಮೆರಿಕದ ನಾರ್ತ್ ಕೆರೊಲಿನಾದ ಡೊಮಿನೋಸ್ ಅಂಗಡಿಯೊಂದರ ಇಬ್ಬರು ನೌಕರರು, ಗ್ರಾಹಕರ ಆಹಾರವನ್ನು ಹೊಲಸು ಮಾಡುವ ವಿಡಿಯೊ ಮಾಡಿ ಯೂಟ್ಯೂಬ್‌ಗೆ ಹಾಕಿದರು. ಲಕ್ಷಗಟ್ಟಲೆ ಜನ ನೋಡಿದರು. ಕಂಪನಿಯ ಮುಖ್ಯಸ್ಥರು ವಿಡಿಯೊ ಮೂಲಕ ಉತ್ತರಿಸುವ ಹೊತ್ತಿಗೆ ಸುಮಾರು ಎರಡು ದಿನ ಕಳೆದಿತ್ತು.

ನಮ್ಮಲ್ಲೇ ನಡೆದದ್ದೂ ಇದೆ. 2020ರ ಮಾರ್ಚ್‌ನಲ್ಲಿ, ಲಾಕ್‌ಡೌನ್ ಶುರುವಾದ ಹೊಸತರಲ್ಲಿ, ಬೆಂಗಳೂರಿನ ಇನ್ಫೊಸಿಸ್ ಉದ್ಯೋಗಿಯೊಬ್ಬರು ‘ಹೊರಗೆ ಹೋಗಿ ಸೀನಿ, ವೈರಸ್ ಹರಡಿ’ ಎಂಬ ಅರ್ಥದ ಪೋಸ್ಟ್ ಹಾಕಿದರು. ಪೊಲೀಸರು ಬಂಧಿಸಿದರು. ಕಂಪನಿ ತನಿಖೆ ಮಾಡಿ, ಇದು ತನ್ನ ನೀತಿಸಂಹಿತೆಗೆ ವಿರುದ್ಧ ಎಂದು ಸಾರ್ವಜನಿಕವಾಗಿ ತಿಳಿಸಿ ಅವರನ್ನು ಕೆಲಸದಿಂದ ತೆಗೆಯಿತು. ಪೋಸ್ಟ್ ಅವರ ಸ್ವಂತ ಖಾತೆಯದು, ಆದರೆ ಸುದ್ದಿಯ ತಲೆಬರಹದಲ್ಲಿ ಬಂದದ್ದು ಕಂಪನಿಯ ಹೆಸರು.

ಇಂಥವನ್ನು ನೋಡಿದ ಕಂಪನಿಗಳು “ನೌಕರರು ಬಾಯಿ ಬಿಡಬಾರದು” ಎಂಬ ಸುತ್ತೋಲೆ ಹೊರಡಿಸುತ್ತವೆ. ಅದು ನೆಗಡಿಗೆ ಮೂಗು ಕೊಯ್ದಂತೆ. ಮೇಲಿನ ಎರಡೂ ಪ್ರಕರಣಗಳಲ್ಲಿ ತೊಂದರೆ ಮಾಡಿದವರು ಕಂಪನಿಯ ಪರವಾಗಿ ಮಾತಾಡಲು ನೇಮಕವಾದವರಲ್ಲ. ಬಾಯಿ ಮುಚ್ಚಿಸಿದರೆ ಕಿಡಿಗೇಡಿಗಳು ನಿಲ್ಲುವುದಿಲ್ಲ, ಸರಿಯಾದ ಉತ್ತರ ಗೊತ್ತಿರುವವರು ಮಾತ್ರ ಸುಮ್ಮನಾಗುತ್ತಾರೆ.

ಎಲ್ಲ ವಿಭಾಗದವರನ್ನು ಸೇರಿಸುವುದು ಹೇಗೆ?

ಸಂವಹನ ಓದುವವರು ಇದಕ್ಕೆ ಸೂಚಿಸುವ ದಾರಿ ದೊಡ್ಡ ಖರ್ಚಿನದಲ್ಲ.

ಪ್ರತಿ ವಿಭಾಗದಿಂದ ಒಬ್ಬರು: ಬಿಲ್ಲಿಂಗ್, ಐಟಿ, ಸಬ್‌ಸ್ಟೇಷನ್, ಸುರಕ್ಷತೆ, ಸಹಾಯವಾಣಿ, ಶಾಖಾ ಕಚೇರಿ. ಇವರ ಕೈಗೆ ಖಾತೆಯ ಪಾಸ್‌ವರ್ಡ್ ಕೊಡಬೇಕಿಲ್ಲ. ಪೋಸ್ಟ್ ಹಾಕುವವರು ನೇರವಾಗಿ ಕೇಳಬಹುದಾದ, ಒಂದು ಗಂಟೆಯೊಳಗೆ ಉತ್ತರಿಸಬೇಕಾದ ಹೆಸರು ಇದ್ದರೆ ಸಾಕು.

ಕೆಳಗಿನಿಂದ ಮೇಲಕ್ಕೂ ಸುದ್ದಿ: ಸುಳ್ಳು ಮೆಸೇಜ್ ಮೊದಲು ಕಾಣುವುದು ಊರಿನ ಗ್ರೂಪ್‌ನಲ್ಲಿರುವ ಲೈನ್‌ಮನ್‌ಗೆ, ಮೀಟರ್ ಓದುವವರಿಗೆ. ಅವರು ಸ್ಕ್ರೀನ್‌ಶಾಟ್ ತೆಗೆದು ಕಳಿಸಲು ಒಂದು ನಂಬರ್ ಇರಬೇಕು. ಕಳಿಸಿದ್ದಕ್ಕೆ “ನಿನಗ್ಯಾಕೆ ಇದೆಲ್ಲ” ಎಂಬ ಮಾತು ಬರಬಾರದು.

ಯಾರು ಏನು ಹೇಳಬಹುದು ಎಂಬ ಒಂದು ಪುಟದ ನಿಯಮ: ಸುರಕ್ಷತೆಯ ಮಾತು, ಸಹಾಯವಾಣಿ ನಂಬರ್, ಕಂಪನಿ ಈಗಾಗಲೇ ಹಾಕಿದ ಪೋಸ್ಟ್, ಇವನ್ನು ಯಾರು ಬೇಕಾದರೂ ಹಂಚಬಹುದು. ದರ, ಅಪಘಾತದ ಕಾರಣ, ಗ್ರಾಹಕರ ಹೆಸರು, ಆರ್‌ಆರ್ ನಂಬರ್, ಬಾಕಿ ಮೊತ್ತ, ಇವನ್ನು ಹಂಚುವಂತಿಲ್ಲ.

ಪೋಸ್ಟ್‌ನ ಒಳಗೇ ತಾರೀಖು: ‘ನಾಳೆ’, ‘ಇಂದು’ ಎಂದು ಬರೆದ ನೋಟಿಸ್ ಫಾರ್ವರ್ಡ್ ಆದ ಮೇಲೆ ಎಂದೆಂದಿಗೂ ‘ನಾಳೆ’ಯೇ. ದಿನ, ಗಂಟೆ, ಊರಿನ ಹೆಸರು, ಲೈನಿನ ಹೆಸರು ಚಿತ್ರದ ನಡುವೆಯೇ ದಪ್ಪ ಅಕ್ಷರದಲ್ಲಿರಬೇಕು, ಕತ್ತರಿಸಿದರೂ ಹೋಗದಂತೆ.

ಊರಿನ ಮಾತು: ‘ವಿದ್ಯುತ್ ವ್ಯತ್ಯಯ’ ಎಂಬ ನೋಟಿಸ್ ಓದದವರೂ ಅರ್ಧ ನಿಮಿಷದ ಧ್ವನಿ ಸಂದೇಶ ಕೇಳುತ್ತಾರೆ. ಆ ಧ್ವನಿ ಅವರಿಗೆ ಪರಿಚಯದ ಶಾಖೆಯದಾಗಿದ್ದರೆ ಇನ್ನೂ ಒಳ್ಳೆಯದು.

ಕೊನೆಯದಾಗಿ, ಇದನ್ನು ಕೆಲಸ ಎಂದು ಲೆಕ್ಕಕ್ಕೆ ಹಿಡಿಯಬೇಕು. ಇಡೀ ದಿನ ಬಿಸಿಲಲ್ಲಿ ಕಂಬ ಹತ್ತಿದವರಿಗೆ ರಾತ್ರಿ “ಕಂಪನಿಯ ಪೋಸ್ಟ್ ಲೈಕ್ ಮಾಡು, ಶೇರ್ ಮಾಡು” ಎಂದು ಒತ್ತಾಯಿಸುವುದಕ್ಕೂ ಅವರ ತಿಳಿವಳಿಕೆಯನ್ನು ಬಳಸುವುದಕ್ಕೂ ಸಂಬಂಧವಿಲ್ಲ.

ನಾವು, ನೀವು ಏನು ಮಾಡಬಹುದು?

ಒಂದು: ಕರೆಂಟ್ ಬಗ್ಗೆ ಅನುಮಾನ ಬಂದರೆ ಮೆಸೇಜ್‌ನಲ್ಲಿರುವ ನಂಬರ್‌ಗೆ ಕರೆ ಮಾಡಬೇಡಿ. ಸಹಾಯವಾಣಿ 1912ಕ್ಕೆ ಕರೆ ಮಾಡಿ.

ಎರಡು: ನೋಟಿಸ್‌ನಲ್ಲಿ ತಾರೀಖು ಇಲ್ಲದಿದ್ದರೆ ಮುಂದೆ ಕಳಿಸಬೇಡಿ. ಜೋಡಿ ಬಾಣದ ಗುರುತಿದ್ದರೆ ಅದು ಹಲವು ಕೈ ದಾಟಿ ಬಂದದ್ದು. ಇಂಥ ಮೆಸೇಜ್ ಒಂದು ಸಲಕ್ಕೆ ಒಂದೇ ಚಾಟ್‌ಗೆ ಹೋಗುವಂತೆ ವಾಟ್ಸ್ಆ್ಯಪ್ 2020ರ ಏಪ್ರಿಲ್‌ನಲ್ಲಿ ಮಿತಿ ಹಾಕಿದ್ದು ಸುಮ್ಮನೆ ಅಲ್ಲ.

ಮೂರು: ಪರಿಚಯದ ಲೈನ್‌ಮನ್ ಹೇಳಿದ್ದನ್ನು ಕೇಳಿ, ಆದರೆ ಅವರ ಸ್ಟೇಟಸ್‌ನ್ನು ‘ಕಂಪನಿಯ ಆದೇಶ’ ಎಂದು ಹಂಚಬೇಡಿ. ನಾಳೆ ಹೆಚ್ಚುಕಡಿಮೆಯಾದರೆ ನೋಟಿಸ್ ಬರುವುದು ಅವರಿಗೆ.

ನಾಲ್ಕು: ಹಣ ಹೋಗಿದ್ದರೆ ನಾಚಿಕೆಪಟ್ಟು ಸುಮ್ಮನಿರಬೇಡಿ. ಕೂಡಲೇ 1930ಕ್ಕೆ ಕರೆ ಮಾಡಿ, ಬ್ಯಾಂಕಿಗೂ ತಿಳಿಸಿ. ಬೇಗ ಹೇಳಿದಷ್ಟೂ ಹಣ ತಡೆಹಿಡಿಯುವ ಅವಕಾಶ ಹೆಚ್ಚು.

ಐದು: ‘ಕರೆಂಟ್ ಇಲ್ಲ’ ಎಂಬ ಯಾವ ಮೆಸೇಜನ್ನೂ, ಅದು ಅಸಲಿಯೇ ಆಗಿರಲಿ, ನಂಬಿ ವೈರ್ ಮುಟ್ಟಬೇಡಿ. ಮೇನ್ ಸ್ವಿಚ್ ಆಫ್ ಮಾಡಿ, ರಿಪೇರಿಗೆ ಗೊತ್ತಿದ್ದವರನ್ನು ಕರೆಸಿ. ಕಂಬ, ಟಿಸಿ, ಮೇಲಿನ ಲೈನ್ ವಿಷಯವಾದರೆ ಕಂಪನಿಯವರೇ ಬರಲಿ.

ಮುಂದಿನ ಸಲ “ಇಂದು ರಾತ್ರಿ 9.30ಕ್ಕೆ” ಎಂಬ ಮೆಸೇಜ್ ಬಂದಾಗ ಫಾರ್ವರ್ಡ್ ಒತ್ತುವ ಮುಂಚೆ ನಿಮ್ಮ ಊರಿನ ಶಾಖಾ ಕಚೇರಿಯಲ್ಲಿ ಒಮ್ಮೆ ಕೇಳಿ. ಉತ್ತರ ಸಿಕ್ಕರೆ, ಆ ಸುಳ್ಳು ಬಂದ ಗ್ರೂಪ್‌ನಲ್ಲೇ, ತಾರೀಖು ಹಾಕಿ, ಬರೆಯಿರಿ.