ಟ್ಯಾಂಕಿನಲ್ಲಿದೆ, ಇಂಜಿನಿಗಿಲ್ಲ

ಕಳೆದ ಚಳಿಗಾಲದ ಒಂದು ಭಾನುವಾರ ಆರ್.ಟಿ. ನಗರದಿಂದ ಯಲಹಂಕದಲ್ಲಿರುವ ತಂಗಿಯ ಮನೆಗೆ ಹೋಗಿದ್ದೆ. ಬಾಗಿಲು ತೆರೆದೊಡನೆ ಅಡುಗೆಯ ಪರಿಮಳದ ಬದಲು ಪೆಟ್ರೋಲಿನ ವಾಸನೆ ಮೂಗಿಗೆ ಬಡಿಯಿತು. ಅಡುಗೆಮನೆಯ ಹಿಂಬಾಗಿಲ ಬಳಿ ತಂಗಿಯ ಮಗ ಅಲ್ಯುಮಿನಿಯಂ ಟ್ಯಾಂಕ್ ಒಂದನ್ನು ಬಿಚ್ಚಿಟ್ಟುಕೊಂಡು ಕುಳಿತಿದ್ದ. ಪಕ್ಕದಲ್ಲಿ ನೀರಿನ ಬಾಟಲಿಯ ತುಂಬ ಪೆಟ್ರೋಲ್. ನಾಲ್ಕು ಹೆಜ್ಜೆ ದೂರದಲ್ಲಿ ಗ್ಯಾಸ್ ಒಲೆ ಉರಿಯುತ್ತಿತ್ತು.

ನಾನು ಮೊದಲು ಒಲೆ ಆರಿಸಿದೆ. ಕಿಟಕಿ, ಬಾಗಿಲುಗಳನ್ನೆಲ್ಲ ತೆರೆಸಿದೆ. ಸಲಾಮು, ಮಾತುಕತೆ ಎಲ್ಲ ಆಮೇಲೆ.

"ಖಾಲಾ, ಸ್ವಲ್ಪವೇ ಇರೋದು" ಎಂದ ಹುಡುಗ. ಸಹೋದರಿಯರೇ, ಅಪಾಯವಿರುವುದು ಆ 'ಸ್ವಲ್ಪ'ದಲ್ಲಿಯೇ. ಉರಿಯುವುದು ದ್ರವಕ್ಕಿಂತ ಮೊದಲು ಅದರಿಂದ ಏಳುವ ಆವಿ. ಕೊರೆಯುವ ಚಳಿಯಲ್ಲೂ ಪೆಟ್ರೋಲ್ ಆವಿಯಾಗುತ್ತಲೇ ಇರುತ್ತದೆ. ಆ ಆವಿ ಗಾಳಿಗಿಂತ ಭಾರ. ಹೊಗೆಯಂತೆ ಮೇಲೇರದೆ ನೆಲದ ಮೇಲೆ ಹರಿಯುತ್ತ ಪಕ್ಕದ ಕೋಣೆಯ ಒಲೆಯನ್ನೂ ಮುಟ್ಟಬಲ್ಲದು. ಬೆಂಕಿ ಹತ್ತಿದರೆ ನೀರು ಸುರಿಯಲೂ ಬಾರದು. ಪೆಟ್ರೋಲ್ ನೀರಿನ ಮೇಲೆ ತೇಲಿ ಬೆಂಕಿಯನ್ನು ಇನ್ನಷ್ಟು ಹರಡುತ್ತದೆ. ಅದಕ್ಕೆ ಒಣ ಪುಡಿಯ ಅಗ್ನಿಶಾಮಕ ಬೇಕು, ಇಲ್ಲವೆಂದರೆ ಮರಳು.

ತಂಗಿ ಬೆವರು ಒರೆಸಿಕೊಳ್ಳುತ್ತ, "ಆಪಾ, ನೀವೇ ಇವನಿಗೆ ಬುದ್ಧಿ ಹೇಳಿ. ಈ ಕಾರಿನ ಹುಚ್ಚು ಸಾಕು. ಚೀಟಿ ಎತ್ತಿದ ಹಣದಲ್ಲಿ ಹದಿನೈದು ಸಾವಿರ ಕೊಟ್ಟೆ. ಗಾಡಿ ನೋಡಿದರೆ ತಿರುವಿನಲ್ಲಿ ನಿಂತುಬಿಡುತ್ತದಂತೆ. ಹಿಂದಿನಿಂದ ಇನ್ನೊಂದು ಬಂದು ಗುದ್ದಿದರೆ?" ಎಂದಳು. ತಂದೆಯಿಲ್ಲದ ಮಗನನ್ನು ಬೆಳೆಸಿದ ತಾಯಿಯ ಭಯ ಅದು. ತೆಗೆದುಹಾಕುವ ಮಾತಲ್ಲ.

ಅವನು ಕಾಲೇಜಿನ ಗೆಳೆಯರೊಂದಿಗೆ ಸೇರಿ ಪುಟ್ಟ ರೇಸ್ ಕಾರು ಕಟ್ಟುತ್ತಿದ್ದಾನೆ. ಕಬ್ಬಿಣದ ಕೊಳವೆಗಳ ಚೌಕಟ್ಟು, ಬೈಕಿನ ಇಂಜಿನ್, ಉಳಿದದ್ದೆಲ್ಲ ಕೈಯಾರೆ ಜೋಡಿಸಿದ್ದು. ಇದು ರಸ್ತೆಗೆ ಇಳಿಯುವಂತಿಲ್ಲ. ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇಯಂತಹ ಮುಚ್ಚಿದ ಟ್ರ್ಯಾಕಿನಲ್ಲಿ ಮಾತ್ರ ಓಡಬೇಕು. ವಿದ್ಯಾರ್ಥಿಗಳೇ ಕಟ್ಟಿದ ಕಾರುಗಳ 'ಫಾರ್ಮುಲಾ ಭಾರತ್' ಸ್ಪರ್ಧೆಗಳು ಅಲ್ಲಿ ನಡೆದಿವೆ. ಬಿಡಿಭಾಗ ತಂದು ಕಾರು ಜೋಡಿಸುವುದು ಹೊಸ ಹವ್ಯಾಸವೇನೂ ಅಲ್ಲ. 1957ರಲ್ಲಿ ಬ್ರಿಟನ್ನಿನಲ್ಲಿ ಬಂದ 'ಲೋಟಸ್ ಸೆವೆನ್' ಕಾರನ್ನು ಬಿಡಿಭಾಗಗಳಾಗಿಯೂ ಮಾರುತ್ತಿದ್ದರು. ಜೋಡಿಸದ ಕಾರಿಗೆ ಅಲ್ಲಿ ಆಗ ಖರೀದಿ ತೆರಿಗೆ ಇರಲಿಲ್ಲ.

ನಾನು ಮದ್ರಸದಲ್ಲಿ ಕಲಿತು ಆಮೇಲೆ ಬಿ.ಎ. ಮಾಡಿದವಳು. ಇಂಜಿನ್ ನನಗೆ ತಿಳಿಯದು. ಆದರೆ ಮಗು ಪಾಠದಲ್ಲಿ ಎಡವಿದಾಗ "ಎಲ್ಲಿ ಎಡವುತ್ತೀಯ?" ಎಂದು ಕೇಳುವುದು ನನ್ನ ವೃತ್ತಿ. ಅದನ್ನೇ ಕೇಳಿದೆ: "ಬೇಟಾ, ಯಾವಾಗ ನಿಲ್ಲುತ್ತದೆ?"

"ಪಂಪು ಹೋಗಿದೆ ಅಂತ ಬದಲಾಯಿಸಿದೆವು ಖಾಲಾ. ಫಿಲ್ಟರೂ ಹೊಸದು. ಇಂಜೆಕ್ಟರ್ ತೊಳೆಸಿದೆವು."

"ನಾನು ಏನು ಮಾಡಿದಿರಿ ಎಂದು ಕೇಳಲಿಲ್ಲ. ಯಾವಾಗ ನಿಲ್ಲುತ್ತದೆ ಎಂದು ಕೇಳಿದೆ."

ಹುಡುಗ ಸುಮ್ಮನಾದ. ಆಮೇಲೆ ತಂಡದಲ್ಲಿರುವ ಒಬ್ಬ ಹುಡುಗಿಗೆ ಫೋನು ಮಾಡಿದ. ಪ್ರತಿ ಸುತ್ತಿನ ವಿವರವನ್ನೂ ಅವಳು ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದಳು. ಟ್ಯಾಂಕ್ ತುಂಬಿದ್ದಾಗ ಒಮ್ಮೆಯೂ ನಿಂತಿಲ್ಲ. ಅರ್ಧಕ್ಕಿಳಿದ ಮೇಲೆ, ಅದೂ ಉದ್ದನೆಯ ಎಡ ತಿರುವಿನಲ್ಲಿ ಮಾತ್ರ ಕೆಮ್ಮಿ ನಿಲ್ಲುತ್ತದೆ. ಬಲ ತಿರುವಿನಲ್ಲಿ ಇಲ್ಲ, ನೇರ ದಾರಿಯಲ್ಲೂ ಇಲ್ಲ.

ಹುಡುಗ ತಲೆಗೆ ಕೈ ಹಚ್ಚಿಕೊಂಡ. ಉತ್ತರ ನೋಟ್‌ಬುಕ್ಕಿನಲ್ಲೇ ಇತ್ತು, ಯಾರೂ ಓದಿರಲಿಲ್ಲ.

ಬಸ್ಸು ಎಡಕ್ಕೆ ತಿರುಗಿದರೆ ನಾವು ಬಲಕ್ಕೆ ವಾಲುತ್ತೇವಲ್ಲ, ಟ್ಯಾಂಕಿನಲ್ಲಿರುವ ಪೆಟ್ರೋಲೂ ಹಾಗೆಯೇ. ಅದನ್ನು ಹೀರುವ ಕೊಳವೆ ಟ್ಯಾಂಕಿನ ಎಡ ಮೂಲೆಯಲ್ಲಿತ್ತು. ತಿರುವಿನಲ್ಲಿ ಪೆಟ್ರೋಲೆಲ್ಲ ಬಲಗೋಡೆಗೆ ಸರಿದಾಗ ಕೊಳವೆ ಗಾಳಿ ಹೀರುತ್ತಿತ್ತು. ಓರೆ ಮಾಡಿದ ಪಾತ್ರೆಯಲ್ಲಿ ಸಾರು ಒಂದು ಬದಿಗೆ ಹೋಗಿ, ಸೌಟು ಇನ್ನೊಂದು ಬದಿಯಲ್ಲಿ ಬರಿದಾಗಿ ಕೆರೆಯುವಂತೆ. ಈಗಿನ ಇಂಜಿನ್‌ಗಳಿಗೆ ಪೆಟ್ರೋಲನ್ನು ಸುಮಾರು 3 ಬಾರ್ ಒತ್ತಡದಲ್ಲಿ ಕೊಡಬೇಕು. ಅದು ಕಾರಿನ ಟೈರಿನೊಳಗಿನ ಒತ್ತಡಕ್ಕಿಂತ ಹೆಚ್ಚುಕಡಿಮೆ ಒಂದೂವರೆ ಪಟ್ಟು. ನಡುವೆ ಗಾಳಿ ನುಗ್ಗಿದರೆ ಒತ್ತಡ ಕುಸಿದು ಇಂಜಿನ್ ನಿಲ್ಲುತ್ತದೆ. ನಿಂತ ಗಾಡಿಯಲ್ಲಿ ಪಂಪು ಪರೀಕ್ಷಿಸಿದಾಗಲೆಲ್ಲ ಸರಿಯಿದ್ದುದು ಅದಕ್ಕೇ. ನಿಂತ ಗಾಡಿಗೆ ತಿರುವೆಲ್ಲಿಯದು?

ಪರಿಹಾರ ದುಬಾರಿಯದಾಗಿರಲಿಲ್ಲ. ಟ್ಯಾಂಕಿನೊಳಗೆ ತೂತುಗಳಿರುವ ತಡೆತಗಡುಗಳನ್ನು ಬೆಸೆಸಿದರು. ಈಗ ಪೆಟ್ರೋಲ್ ಒಮ್ಮೆಲೇ ಒಂದೆಡೆಗೆ ನುಗ್ಗಲಾರದು. ಜೊತೆಗೆ ಒಂದು ಪುಟ್ಟ ಪಾತ್ರೆಯನ್ನು ನಡುವೆ ಇಟ್ಟರು. ಮೊದಲಿನ ಸಣ್ಣ ಪಂಪು ಟ್ಯಾಂಕಿನಿಂದ ತಂದು ಅದನ್ನು ಸದಾ ತುಂಬಿಸುತ್ತದೆ, ಹೆಚ್ಚಾದದ್ದು ಟ್ಯಾಂಕಿಗೇ ಮರಳುತ್ತದೆ. ಇಂಜಿನ್ನಿನ ಪಂಪು ಆ ಪಾತ್ರೆಯಿಂದ ಹೀರುತ್ತದೆ. ತಿರುವಿನ ಕೆಲವು ಕ್ಷಣಗಳಿಗೆ ಅಷ್ಟು ದಾಸ್ತಾನು ಸಾಕು.

ಈ ತೊಂದರೆ ವಿಮಾನಗಳನ್ನೂ ಕಾಡಿದೆ. 1996ರಿಂದ ಯಲಹಂಕದ ವಾಯುನೆಲೆಯಲ್ಲಿ ಏರೋ ಇಂಡಿಯಾ ಪ್ರದರ್ಶನ ನಡೆಯುತ್ತ ಬಂದಿದೆ. ತಲೆಕೆಳಗಾಗಿ ಹಾರುವ ವಿಮಾನಗಳನ್ನು ಇಲ್ಲಿನ ಮಹಿಳೆಯರು ಟೆರೇಸಿನಿಂದಲೇ ನೋಡಿದ್ದಾರೆ. ಹಾಗೆ ಹಾರುವಾಗ ಇಂಧನ ಇಂಜಿನಿಗೆ ತಲುಪುವುದು ಹೇಗೆ? 1940ರಲ್ಲಿ ಬ್ರಿಟನ್ನಿನ ಸ್ಪಿಟ್‌ಫೈರ್, ಹರಿಕೇನ್ ಯುದ್ಧವಿಮಾನಗಳಿಗೆ ಈ ಪ್ರಶ್ನೆ ಪ್ರಾಣಾಪಾಯವಾಗಿತ್ತು. ಮೂಗು ತಗ್ಗಿಸಿ ಒಮ್ಮೆಲೇ ಧುಮುಕಿದರೆ ಕಾರ್ಬ್ಯುರೇಟರಿನಲ್ಲಿ ಪೆಟ್ರೋಲ್ ಮೇಲಕ್ಕೆ ಚಿಮ್ಮಿ ಇಂಜಿನಿಗೆ ಮೊದಲು ಕೊರತೆ, ಮರುಗಳಿಗೆಯಲ್ಲಿ ಉಸಿರುಗಟ್ಟುವಷ್ಟು ಪ್ರವಾಹ. ಜರ್ಮನಿಯ ವಿಮಾನಗಳಲ್ಲಿ ಇಂಧನವನ್ನು ಒತ್ತಡದಿಂದ ಚಿಮ್ಮಿಸುವ ವ್ಯವಸ್ಥೆ ಇದ್ದುದರಿಂದ ಅವಕ್ಕೆ ಈ ತೊಡಕಿರಲಿಲ್ಲ.

ಇದಕ್ಕೆ ತಕ್ಷಣದ ಪರಿಹಾರ ಕೊಟ್ಟವರು ಬಿಯಾಟ್ರಿಸ್ ಶಿಲ್ಲಿಂಗ್ ಎಂಬ ಮಹಿಳಾ ಇಂಜಿನಿಯರ್. ಫಾರ್ನ್‌ಬರೋದ ಸಂಶೋಧನಾ ಸಂಸ್ಥೆಯಲ್ಲಿದ್ದ ಅವರು ನಡುವೆ ರಂಧ್ರವಿರುವ ಒಂದು ಪುಟ್ಟ ಲೋಹದ ತುಣುಕನ್ನು ರೂಪಿಸಿದರು. ಇಂಜಿನಿಗೆ ಗರಿಷ್ಠ ಬೇಕಾದಷ್ಟೇ ಪೆಟ್ರೋಲನ್ನು ಅದು ಬಿಡುತ್ತಿತ್ತು, ಹೆಚ್ಚು ನುಗ್ಗಲು ಬಿಡುತ್ತಿರಲಿಲ್ಲ. ತೊಡಕು ಪೂರ್ತಿ ಹೋಗಲಿಲ್ಲವಾದರೂ ಹಾರಾಟಗಾರರಿಗೆ ದೊಡ್ಡ ಆಸರೆಯಾಯಿತು. 1941ರಲ್ಲಿ ಅವರು ಸಣ್ಣ ತಂಡ ಕಟ್ಟಿಕೊಂಡು ವಾಯುನೆಲೆಯಿಂದ ವಾಯುನೆಲೆಗೆ ಹೋಗಿ ಅದನ್ನು ಅಳವಡಿಸಿಸಿದರು. ಅದಕ್ಕೂ ಮೊದಲು ಅವರು ಮೋಟಾರ್‌ಸೈಕಲ್ ರೇಸುಗಳಲ್ಲಿ ಹೆಸರು ಮಾಡಿದ್ದವರು.

ನಮ್ಮ ಮನೆಯ ಸ್ಕೂಟರಿಗೂ ಇದರಲ್ಲಿ ಪಾಠವಿದೆ. ಪೆಟ್ರೋಲ್ ಇದ್ದೂ ಗಾಡಿ ನಿಂತರೆ ಒಮ್ಮೆ ಟ್ಯಾಂಕಿನ ಮುಚ್ಚಳ ಸಡಿಲಿಸಿ ನೋಡಿ. ಗಾಳಿ ಒಳಬರುವ ದಾರಿ ಕಟ್ಟಿದ್ದರೂ ಪೆಟ್ರೋಲ್ ಕೆಳಗೆ ಇಳಿಯದು. ಶೇ. 20 ಎಥನಾಲ್ ಬೆರೆಸಿದ ಪೆಟ್ರೋಲ್ ಬಿಡುಗಡೆಯಾದದ್ದು ನಮ್ಮ ಬೆಂಗಳೂರಿನಲ್ಲೇ, 2023ರ ಫೆಬ್ರವರಿ 6ರಂದು. ಎಥನಾಲ್ ನೀರಿನ ಪಸೆಯನ್ನು ಹೀರುತ್ತದೆ, ಹಳೆಯ ಗಾಡಿಗಳ ರಬ್ಬರ್ ಕೊಳವೆಗಳಿಗೆ ಒಗ್ಗದೆ ಹೋಗಬಹುದು. ಹಳೆಯ ಸ್ಕೂಟರಿದ್ದರೆ ಕೊಳವೆ ಬಿರುಕು ಬಿಟ್ಟಿದೆಯೇ ಎಂದು ಮೆಕ್ಯಾನಿಕ್‌ಗೆ ತೋರಿಸಿ. ನಿಲ್ಲಿಸಿದ ಗಾಡಿಯಿಂದ ಪೆಟ್ರೋಲ್ ವಾಸನೆ ಬಂದರೆ ನಾಳೆಗೆ ಮುಂದೂಡಬೇಡಿ. ಬಾಯಿಯಿಂದ ಕೊಳವೆ ಹೀರಿ ಪೆಟ್ರೋಲ್ ತೆಗೆಯಲು ಮಕ್ಕಳನ್ನು ಬಿಡಬೇಡಿ; ಅದು ಶ್ವಾಸಕೋಶಕ್ಕೆ ಇಳಿದರೆ ಜೀವಕ್ಕೇ ಕುತ್ತು.

ಒಂದು ತಿಂಗಳ ಬಳಿಕ ತಂಗಿ ಫೋನು ಮಾಡಿದಳು. ಅರ್ಧ ಟ್ಯಾಂಕಿನಲ್ಲಿ ಇಪ್ಪತ್ತು ಸುತ್ತು, ಒಮ್ಮೆಯೂ ನಿಲ್ಲಲಿಲ್ಲವಂತೆ. "ಬಿಡಿಸಿದೆಯಾ ಹುಚ್ಚನ್ನು?" ಎಂದೆ.

"ಇಲ್ಲ ಆಪಾ. ಒಂದೇ ಷರತ್ತು ಹಾಕಿದ್ದೇನೆ. ಪೆಟ್ರೋಲ್ ಮನೆಯ ಹೊಸ್ತಿಲು ದಾಟಬಾರದು. ಹ್ಞಾಂ, ಆ ನೋಟ್‌ಬುಕ್ಕಿನ ಹುಡುಗಿಯನ್ನು ಒಮ್ಮೆ ಊಟಕ್ಕೆ ಕರೆದುಕೊಂಡು ಬಾ ಅಂದಿದ್ದೇನೆ, ತಂಡದವರೆಲ್ಲರ ಜೊತೆ."