ಸರ್ವರ್ ನಮ್ಮದು, ಕರಾರು ಯಾರದು?

‘ಸರ್ವರ್ ಇಲ್ಲ ಕಣಣ್ಣ, ನಾಳೆ ಬಾ.’

ನಮ್ಮ ಮೇಲುಕೋಟೆ, ಪಾಂಡವಪುರ, ನಾಗಮಂಗಲದ ಕಡೆ ಈ ಮಾತು ಕೇಳದವರು ಕಡಿಮೆ. ಹೆಚ್ಚಿನ ಸಲ ಕರೆಂಟೋ ನೆಟ್‌ವರ್ಕೋ ಕೈಕೊಟ್ಟಿರುತ್ತದೆ. ಅದಕ್ಕೆ ನಾವು ಬೈದುಕೊಳ್ಳುತ್ತೇವೆ. ಆದರೆ ಆ ಸರ್ವರ್ ಯಾರ ಕರಾರಿನ ಮೇಲೆ ನಡೆಯುತ್ತಿದೆ ಎಂದು ಮಾತ್ರ ಕೇಳುವುದಿಲ್ಲ. ಕೇಳಬೇಕು ಎಂಬುದು ನಮ್ಮ ಅಭಿಪ್ರಾಯ.

ಸರ್ವರ್ ಕೂಡ ಒಂದು ಕಂಪ್ಯೂಟರೇ. ಅದು ನಡೆಯಲು ವಿಂಡೋಸ್ ಸರ್ವರ್, ಲಿನಕ್ಸ್‌ನಂಥ ಆಪರೇಟಿಂಗ್ ಸಿಸ್ಟಂ ಬೇಕು. ಅದನ್ನು ಬಳಸಲು ಕೊಡುವ ಅನುಮತಿಯೇ ಲೈಸೆನ್ಸ್. ಹೊಲದ ಭಾಷೆಯಲ್ಲಿ ಹೇಳುವುದಾದರೆ ಅದು ಕ್ರಯಪತ್ರವಲ್ಲ, ಗುತ್ತಿಗೆ. ಮುಂದಿನ ಗುತ್ತಿಗೆಯ ಷರತ್ತು ಬರೆಯುವವರು ಹೊಲದ ಯಜಮಾನರು.

ಎರಡು ಉದಾಹರಣೆ ನೋಡಿ. ವಿಂಡೋಸ್ ಸರ್ವರ್ 2012ರಲ್ಲಿ ಒಂದು ಲೈಸೆನ್ಸ್ ಎರಡು ಪ್ರೊಸೆಸರ್‌ಗೆ ಸಾಕಿತ್ತು. 2016ರ ಆವೃತ್ತಿಯಿಂದ ಪ್ರೊಸೆಸರ್ ಒಳಗಿನ ಕೋರ್‌ಗಳ ಲೆಕ್ಕ ಬಂತು, ಸರ್ವರ್ ಒಂದಕ್ಕೆ ಕನಿಷ್ಠ 16 ಕೋರ್. ಗಾಡಿಗೆ ಇದ್ದ ಸುಂಕ ಚಕ್ರದ ಲೆಕ್ಕಕ್ಕೆ ತಿರುಗಿದ ಹಾಗೆ. ಸಣ್ಣ ಯಂತ್ರದವರಿಗೆ ಹೆಚ್ಚು ಹೊರೆಯಾಗಲಿಲ್ಲ, ದೊಡ್ಡ ಯಂತ್ರ ಇಟ್ಟವರ ಲೆಕ್ಕ ಬದಲಾಯಿತು. 2012ರ ಆವೃತ್ತಿಗೆ ಮಾಮೂಲಿ ಭದ್ರತಾ ಅಪ್‌ಡೇಟ್ 2023ರ ಅಕ್ಟೋಬರ್ 10ಕ್ಕೆ ನಿಂತಿತು.

ಲಿನಕ್ಸ್ ಆದರೆ ಈ ತಾಪತ್ರಯ ಇಲ್ಲ ಅನ್ನುವವರಿಗೆ ಸೆಂಟ್‌ಓಎಸ್ ಕಥೆ ಗೊತ್ತಿರಬೇಕು. ದುಡ್ಡಿಲ್ಲದೆ ಸಿಗುತ್ತಿದ್ದ ಈ ಲಿನಕ್ಸನ್ನು ಪ್ರಪಂಚದಾದ್ಯಂತ ಸರ್ವರ್‌ಗಳಿಗೆ ಹಾಕಿಕೊಂಡಿದ್ದರು. ಅದರ 8ನೇ ಆವೃತ್ತಿ 2029ರವರೆಗೆ ನಡೆಯುತ್ತದೆ ಎಂದು ನಂಬಿದ್ದರು. 2020ರ ಡಿಸೆಂಬರ್ 8ರಂದು ಪ್ರಕಟಣೆ ಬಂತು: 2021ರ ಕೊನೆಗೆ ಮುಗಿಯುತ್ತದೆ. 2023ರ ಜೂನ್‌ನಲ್ಲಿ ರೆಡ್ ಹ್ಯಾಟ್ ಕಂಪನಿ ತನ್ನ ಲಿನಕ್ಸ್‌ನ ಸೋರ್ಸ್ ಕೋಡ್ ಅನ್ನು ಎಲ್ಲರಿಗೂ ಕಾಣುವಂತೆ ಇಡುವುದನ್ನೂ ಬಿಟ್ಟು, ಗ್ರಾಹಕರಿಗೆ ಸೀಮಿತ ಮಾಡಿತು. ದುಡಿಮೆ ನಮ್ಮದು, ನಕಲು ಮಾಡಿ ಹಂಚುವವರು ಬೇರೆ ಎಂಬುದು ಅದರ ವಾದ. ಆ ವಾದದಲ್ಲಿ ಹುರುಳಿಲ್ಲ ಎನ್ನಲಾಗದು.

ಆದರೆ ಮುಂದೆ ಆದದ್ದು ಗಮನಿಸಿ. 2021ರಲ್ಲೇ ಆಲ್ಮಾಲಿನಕ್ಸ್, ರಾಕಿ ಲಿನಕ್ಸ್ ಎಂಬ ಎರಡು ಬದಲಿ ಹುಟ್ಟಿಕೊಂಡವು. ಒಬ್ಬರು ಬಾವಿಗೆ ಬೇಲಿ ಹಾಕಿದರೆ ಪಕ್ಕದಲ್ಲೇ ಇನ್ನೊಂದು ತೋಡುವ ಹಕ್ಕು ಜನರಿಗಿತ್ತು. ಕಂಪನಿಯ ಸ್ವಂತ ತಂತ್ರಾಂಶದಲ್ಲಿ ಆ ಹಕ್ಕು ಇರುವುದಿಲ್ಲ. ವ್ಯತ್ಯಾಸ ದುಡ್ಡಿನದಲ್ಲ, ಈ ಹಕ್ಕಿನದು.

ಇದು ನಮಗೇಕೆ? ಭೂಮಿ ಯೋಜನೆ ಬಂದ ಮೇಲೆ ಕೈಬರಹದ ಪಹಣಿ ಹೋಯಿತು, ನಮ್ಮ ಜಮೀನಿನ ಲೆಕ್ಕ ಸರ್ವರ್ ಸೇರಿತು. 2022ರ ಜೂನ್‌ನಲ್ಲಿ ಕೇಂದ್ರ ಸರ್ಕಾರ 63,000 ಪ್ರಾಥಮಿಕ ಕೃಷಿ ಪತ್ತಿನ ಸಂಘಗಳನ್ನು ಕಂಪ್ಯೂಟರೀಕರಿಸಲು 2,516 ಕೋಟಿ ರೂಪಾಯಿಯ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಬೆಳೆ ಸಾಲದ ಲೆಕ್ಕವೂ ಅಲ್ಲಿಗೇ. ಕರಾರು ಬದಲಾದಾಗ ಬರುವ ಬಿಲ್ಲು ಕೊನೆಗೆ ತೆರಿಗೆಯಾಗಿಯೋ ಶುಲ್ಕವಾಗಿಯೋ ನಮ್ಮ ಜೇಬಿಗೇ ಬರುತ್ತದೆ. ಬಿಲ್ಲು ಕಟ್ಟದೆ ಹಳೆಯದರಲ್ಲೇ ನಡೆಸಿದರೆ ಭದ್ರತೆ ಹೋಗುತ್ತದೆ.

ಎಲ್ಲವನ್ನೂ ನಾಳೆಯೇ ಲಿನಕ್ಸ್‌ಗೆ ಬದಲಿಸಿ ಎಂದು ನಾವು ಹೇಳುತ್ತಿಲ್ಲ. ಅದನ್ನು ನೋಡಿಕೊಳ್ಳುವವರಿಗೂ ಸಂಬಳ ಕೊಡಬೇಕು, ಕಲಿತವರು ಬೇಕು. ಆದರೆ 2015ರ ಕೇಂದ್ರ ನೀತಿಯೇ ಸರ್ಕಾರಿ ಕೆಲಸಕ್ಕೆ ಓಪನ್ ಸೋರ್ಸ್ ತಂತ್ರಾಂಶಕ್ಕೆ ಆದ್ಯತೆ ಕೊಡಿ, ಬೇಡವಾದರೆ ಕಾರಣ ಬರೆಯಿರಿ ಎನ್ನುತ್ತದೆ. ಆ ಕಾರಣ ನಮಗೂ ಕಾಣಲಿ.

ಹಾಗಾಗಿ ಸೊಸೈಟಿಯ ವಾರ್ಷಿಕ ಸಭೆಯಲ್ಲಿ ಲಾಭಾಂಶದ ಮಾತು ಮುಗಿದ ಮೇಲೆ ಎದ್ದು ಮೂರು ಪ್ರಶ್ನೆ ಕೇಳಿ.

ನಮ್ಮ ಲೆಕ್ಕ ಇರುವ ತಂತ್ರಾಂಶದ ಲೈಸೆನ್ಸ್ ಯಾವಾಗ ಮುಗಿಯುತ್ತದೆ? 

ದರ ಏರಿದರೆ ಕಟ್ಟುವವರು ಯಾರು? 

ಬೇರೆಡೆಗೆ ಹೋಗಬೇಕಾದರೆ ನಮ್ಮ ಲೆಕ್ಕ ಪೂರ್ತಿ ನಮ್ಮ ಕೈಗೆ ಸಿಗುತ್ತದೆಯೇ?

ಕಾರ್ಯದರ್ಶಿಗೆ ಉತ್ತರ ಗೊತ್ತಿಲ್ಲದಿದ್ದರೆ ಅದು ಅವರ ತಪ್ಪಲ್ಲ. ಇಷ್ಟು ದಿನ ಅವರನ್ನು ಯಾರೂ ಕೇಳಿರಲಿಲ್ಲ. ಪ್ರಶ್ನೆಯನ್ನು ನಡಾವಳಿ ಪುಸ್ತಕದಲ್ಲಿ ಬರೆಸಿ ಬನ್ನಿ. ಜಮೀನಿನ ಗುತ್ತಿಗೆ ಪತ್ರವನ್ನು ಓದಿಸಿ ಕೇಳದೆ ನಾವು ಹೆಬ್ಬೆಟ್ಟು ಒತ್ತುವುದಿಲ್ಲ. ಇದಕ್ಕೂ ಅದೇ ನಿಯಮ ಇರಲಿ.