ಕಸಿಯಾದ ಕಣ್ಣಿಗೆ ತಾಳ್ಮೆಯ ಆರೈಕೆ

ವಾಮದಪದವಿನ ಭಕ್ತರೊಬ್ಬರು ಈಚೆಗೆ ನಮ್ಮಲ್ಲಿ ತಮ್ಮ ಸಂಕಟವನ್ನು ತೋಡಿಕೊಂಡರು. ತೋಟದಲ್ಲಿ ಅಡಕೆಯ ಸೋಗೆ ತಗುಲಿ ಕಣ್ಣಿನ ಪಾರದರ್ಶಕ ಪಟಲವಾದ ಕಾರ್ನಿಯಾ ಹುಣ್ಣಾಯಿತು. ಹುಣ್ಣು ಮಾಗಿದರೂ ಬಿಳಿಯ ಕಲೆ ಉಳಿಯಿತು. ದಾನಿಯೊಬ್ಬರ ಕಾರ್ನಿಯಾವನ್ನು ಕಸಿ ಮಾಡಿದ ಮೇಲೆ ಬೆಳಕೇನೋ ಮರಳಿತು. ಆದರೆ ಪೂಜೆಗೆ ಕುಳಿತಾಗ ಕರಸ್ಥಲದ ಇಷ್ಟಲಿಂಗ ನೆರಳು ಕೂಡಿದಂತೆಯೂ ದೀಪದ ಕುಡಿ ಉದ್ದನೆಯ ಗೆರೆಯಂತೆಯೂ ಕಾಣುತ್ತಿತ್ತು. ‘ಪರರ ಕಣ್ಣು ನನಗೆ ಒಗ್ಗಲಿಲ್ಲ’ ಎಂದು ಬೇಸತ್ತು, ಔಷಧದ ಹನಿಗಳನ್ನೇ ನಿಲ್ಲಿಸಲು ಅವರು ಮನಸ್ಸು ಮಾಡಿದ್ದರು.

ಹಾಗೆ ಮಾಡಲಾಗದು ಎಂದೆವು. ಹನಿಗಳನ್ನು ತಾವಾಗಿಯೇ ನಿಲ್ಲಿಸಿದರೆ ದೇಹವು ಕಸಿಯನ್ನು ತಿರಸ್ಕರಿಸೀತು. ಅವರನ್ನು ಕಾಡುತ್ತಿದ್ದುದು ಕಸಿಯ ಸೋಲಲ್ಲ, ಅಸ್ಟಿಗ್ಮ್ಯಾಟಿಸಂ ಎಂಬ ಅಸಮದೃಷ್ಟಿ. ಕೂದಲಿಗಿಂತ ತೆಳುವಾದ ನೈಲಾನ್ ಎಳೆಯಿಂದ, ಅನೇಕ ವೇಳೆ 16 ಹೊಲಿಗೆಗಳನ್ನು ಹಾಕಿ ಹೊಸ ಪಟಲವನ್ನು ಕೂಡಿಸುತ್ತಾರೆ. ಹೊಲಿಗೆಯ ಬಿಗಿತದಲ್ಲಾಗಲಿ ಗಾಯ ಮಾಯುವುದರಲ್ಲಾಗಲಿ ಏರುಪೇರಾದರೆ, ಪಟಲವು ಚಮಚದ ಬೆನ್ನಿನಂತೆ ಒಂದು ದಿಕ್ಕಿಗೆ ಹೆಚ್ಚಾಗಿಯೂ ಇನ್ನೊಂದು ದಿಕ್ಕಿಗೆ ಕಡಿಮೆಯಾಗಿಯೂ ಬಾಗುತ್ತದೆ. ಆಗ ಬೆಳಕು ಒಂದೇ ಬಿಂದುವಿನಲ್ಲಿ ನೆಲೆಗೊಳ್ಳದು.

ಇದಕ್ಕೆ ಪರಿಹಾರವುಂಟು, ಅವಸರ ಸಲ್ಲದು. ವೈದ್ಯರು ಯಂತ್ರದಿಂದ ಪಟಲದ ಏರಿಳಿತಗಳ ನಕ್ಷೆ ತೆಗೆದು, ಮೊದಲು ಬಿಗಿಯಾದ ಹೊಲಿಗೆಗಳನ್ನು ಆಯ್ದು ಬಿಡಿಸುತ್ತಾರೆ. ಎಲ್ಲವನ್ನೂ ಬಿಡಿಸಲು ವರ್ಷವೋ ಒಂದೂವರೆ ವರ್ಷವೋ ಹಿಡಿಯಬಹುದು. ಅನಂತರ ಕನ್ನಡಕ ಅಥವಾ ಗಟ್ಟಿ ಕಾಂಟ್ಯಾಕ್ಟ್ ಲೆನ್ಸ್. ಅವುಗಳಿಂದಲೂ ಆಗದಿದ್ದರೆ, ಕೆಲವು ತಿಂಗಳು ಕಾದು ನೋಟ ಸ್ಥಿರವಾದುದನ್ನು ಕಂಡುಕೊಂಡು ಶಸ್ತ್ರಕ್ರಿಯೆ ಮಾಡುತ್ತಾರೆ. ಹೆಚ್ಚು ಬಾಗಿದ ದಿಕ್ಕಿನಲ್ಲಿ ಬಿಲ್ಲಿನಾಕಾರದ ಸಣ್ಣ ಗೀರು ಹಾಕಿದರೆ ಆ ಭಾಗ ಸಡಿಲಗೊಂಡು ಚಪ್ಪಟೆಯಾಗುತ್ತದೆ. ಅಗತ್ಯವಿದ್ದರೆ ಚಪ್ಪಟೆಯಾದ ದಿಕ್ಕಿಗೆ ಬಿಗಿ ಹೊಲಿಗೆ ಸೇರಿಸುತ್ತಾರೆ. ಕೆಲವರಿಗೆ ಲೇಸರ್ ಹೊಂದುತ್ತದೆ. ಪೊರೆಯೂ ಬಂದಿದ್ದರೆ ಈ ದೋಷವನ್ನು ಸರಿದೂಗಿಸುವ ಟೋರಿಕ್ ಲೆನ್ಸನ್ನು ಒಳಗಿಡಬಹುದು. ಇದರಿಂದ ದೋಷ ತಗ್ಗುತ್ತದೆ. ಆ ಮೇಲೂ ಕನ್ನಡಕ ಬೇಕಾದೀತು. ಕಣ್ಣು ಕೆಂಪಾದರೆ, ನೋವಾದರೆ, ಬೆಳಕು ಚುಚ್ಚಿದರೆ, ನೋಟ ಮಸುಕಾದರೆ ಅಂದೇ ವೈದ್ಯರನ್ನು ಕಾಣಬೇಕು.

2021ರ ಅಕ್ಟೋಬರ್ 29ರಂದು ಅಗಲಿದ ಪುನೀತ್ ರಾಜ್‌ಕುಮಾರ್ ಅವರ ಎರಡು ಕಾರ್ನಿಯಾಗಳ ಪದರಗಳನ್ನು ಬೇರ್ಪಡಿಸಿ, ಬೆಂಗಳೂರಿನ ನಾರಾಯಣ ನೇತ್ರಾಲಯದಲ್ಲಿ ನಾಲ್ವರಿಗೆ ಕಸಿ ಮಾಡಿದರು. ದುಃಖದ ಗಳಿಗೆಯಲ್ಲಿ ಒಂದು ಮನೆ ಕೊಟ್ಟ ದಾನವದು. ಕೊಡುವುದು ದಾಸೋಹವಾದರೆ, ಪಡೆದುದನ್ನು ಜೋಪಾನ ಮಾಡುವುದೂ ದಾಸೋಹವೇ. ಆ ಭಕ್ತರು ಹನಿಗಳನ್ನು ಬಿಡಲಿಲ್ಲ; ಹೊಲಿಗೆ ಬಿಡಿಸುವ ದಿನವನ್ನು ಕಾಯುತ್ತಿದ್ದಾರೆ. ನಿಮ್ಮ ಮನೆಯಲ್ಲಿ ಇಂಥವರಿದ್ದರೆ, ಅವರಿಗೂ ಈ ಮಾತನ್ನು ತಿಳಿಸಿರಿ.